ಲೆಕ್ಕಕ್ಕೆ ಬಾರದ ಎಸೆತಗಳು

ಭಾನುವಾರ ಸಂಜೆ ನಾಲ್ಕಕ್ಕೆ ಬೇಸ್‌ಬಾಲ್ ಆಟ. ಅನುಲ್ಫೊ ಫೇಲಿಸ್ ಎರಡಕ್ಕೇ ಬಂದು, ಪಿಚರ್‌ಗಳು ಕರೆ ಬರುವ ಮೊದಲು ಎಸೆದು ಕೈ ಬಿಸಿಮಾಡಿಕೊಳ್ಳುವ ಮೈದಾನದಂಚಿನ ಬುಲ್‌ಪೆನ್‌ನ ಬೆಂಚಿನ ಮೇಲೆ ಕೂತ. ಬಲಗೈ ಮಡಚಿ ನೋಡಿದ. ಬೆರಳು ಭುಜ ಮುಟ್ಟಲಿಲ್ಲ. ಮೊಣಕೈ ಊದಿತ್ತು.

ವಯಸ್ಸು ಮೂವತ್ತೆಂಟು, ಬರಾವೋನಾ ತಂಡದಲ್ಲಿ ಇದು ಹದಿನಾಲ್ಕನೇ ಚಳಿಗಾಲದ ಸೀಸನ್. ಕೆಲಸ ರಿಲೀಫ್ ಪಿಚರ್‌ನದು. ಮೊದಲು ಎಸೆಯುತ್ತಿದ್ದವನು ದಣಿದು ಆಟ ಕೈಜಾರುವ ಹೊತ್ತಿಗೆ ಕರೆ ಬರುತ್ತದೆ. ಹೋಗಿ ಮೂರೋ ನಾಲ್ಕೋ ಬ್ಯಾಟರ್‌ಗಳನ್ನು ಔಟ್ ಮಾಡಬೇಕು. ಮೊಣಕೈಗೆ ಎರಡು ಸಲ, ಭುಜಕ್ಕೆ ಒಂದು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಮೊದಲ ಸಲ ಕೊಯ್ದ ವೈದ್ಯರು ಇನ್ನು ಮೂರು ವರ್ಷ ಎಸೆದರೆ ಹೆಚ್ಚು ಎಂದಿದ್ದರು. ಅದಾಗಿ ಹನ್ನೊಂದು ವರ್ಷ. ಗುಟ್ಟೇನು ಎಂದು ಯಾರಾದರೂ ಕೇಳಿದರೆ ಅನುಲ್ಫೊ ಎದೆಯುಬ್ಬಿಸಿ, "ನನ್ನ ಕೈ ಬೇಗ ಬಿಸಿಯಾಗ್ತದೆ. ಬೇರೆಯವರಿಗೆ ಇಪ್ಪತ್ತೈದು ಎಸೆತ ಬೇಕು, ನನಗೆ ಎಂಟು ಸಾಕು" ಎನ್ನುತ್ತಿದ್ದ.

ಬುಲ್‌ಪೆನ್‌ನಲ್ಲಿ ಎಸೆದದ್ದನ್ನು ಯಾರೂ ಬರೆದಿಡುವುದಿಲ್ಲ. ಮ್ಯಾನೇಜರ್‌ನ ಫೋನ್ ಬಂದರೆ ಎದ್ದು ಎಸೆಯಬೇಕು, ಬೇಡವೆಂದರೆ ಕೂರಬೇಕು. ಒಂದೇ ಆಟದಲ್ಲಿ ಮೂರು ಸಲ ಎದ್ದು ಕೂತು, ಮೈದಾನಕ್ಕೇ ಇಳಿಯದೆ ಮನೆಗೆ ಹೋದ ದಿನಗಳಿವೆ. ಮರುದಿನದ ಪತ್ರಿಕೆಯಲ್ಲಿ ಅವನು ಆಡಿಲ್ಲ ಎಂದೇ ಇರುತ್ತದೆ. ಕೈಗಳು ಹಾಳಾಗುವುದು ಅಲ್ಲೇ.

ಕೊನೆಯ ಸುತ್ತಿಗೆ ಯಾರ್‍ಯಾರು ಎಂಬ ಪಟ್ಟಿ ಸೋಮವಾರ ಬರಲಿತ್ತು. "ಶನಿವಾರ, ಭಾನುವಾರ ಎರಡೂ ದಿನ ಎಸೆದು ತೋರಿಸು, ನಿನ್ನ ಹೆಸರು ಹಾಕ್ತೀನಿ" ಎಂದಿದ್ದ ಮ್ಯಾನೇಜರ್ ಸೆಗುರಾ. ಶನಿವಾರ ಬುಲ್‌ಪೆನ್‌ನ ಕ್ಯಾಚರ್ ತಿಬುರ್ಸಿಯೊ ಇರಲಿಲ್ಲ; ಮಗಳ ಮದುವೆಗೆಂದು ನೇಯ್ಬಾ ಊರಿಗೆ ಹೋಗಿದ್ದ. ಅವನ ಜಾಗದಲ್ಲಿ ಕೂತವನು ಹಿಡಿದ ಚೆಂಡನ್ನು ತಕ್ಷಣ ವಾಪಸ್ ಎಸೆಯುತ್ತಿದ್ದ. ಫೋನ್ ಮೂರು ಸಲ ಬಂತು. ಅನುಲ್ಫೊ ಆಡಿದ, ಇಬ್ಬರನ್ನು ಔಟ್ ಮಾಡಿದ. ಬೆಳಗ್ಗೆ ಎದ್ದಾಗ ಕೈ ಹೀಗಿತ್ತು.

ಮೊಣಕೈಗೆ ಐಸ್ ಒತ್ತಿಕೊಂಡು ಕೂತಾಗ ಅವನಿಗೆ ಹೊಳೆಯಿತು. ತಿಬುರ್ಸಿಯೊ ಇದ್ದ ದಿನ ಆರು ಎಸೆತ ಆಗುತ್ತಲೇ ಆಸಾಮಿ ಚೆಂಡು ಹಿಡಿದುಕೊಂಡು ಹತ್ತಿರ ಬರುತ್ತಿದ್ದ. ಹಸು ಹಾಲು ಕೊಡ್ತಿಲ್ಲ, ಪಕ್ಕದ ಮನೆಯವನು ರೇಡಿಯೊ ಜೋರಾಗಿ ಹಾಕ್ತಾನೆ ಎಂದು ಶುರುಮಾಡಿದರೆ ಐದು ನಿಮಿಷ; ಅಷ್ಟರಲ್ಲಿ ಒಳಗೆ ಕರೆ ಬರುತ್ತಿತ್ತು, ಎಸೆತ ಎಂಟು ದಾಟುತ್ತಿರಲಿಲ್ಲ. ಕೋಚ್ ಕಿರುಚುತ್ತಿದ್ದರು. ಇಡೀ ತಂಡ ಅವನನ್ನು ಬಾಯಿಬಡುಕ ಎನ್ನುತ್ತಿತ್ತು. ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದವನು ಅನುಲ್ಫೊನೇ.

ಮೂರು ಗಂಟೆಗೆ ತಿಬುರ್ಸಿಯೊ ಬಂದ, ಕೈಯಲ್ಲಿ ಮದುವೆಯ ಕೇಕಿನ ಪೊಟ್ಟಣ. ಅನುಲ್ಫೊನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ.

"ಅಳಿಯ ಹೇಗಿದ್ದಾನೆ ಕಂಪಾದ್ರೆ?"

"ನನಗೇ ಮಾತಾಡೋಕೆ ಬಿಡಲ್ಲ, ಅಂಥವನು. ಅದಿರಲಿ, ಕೈ ತೋರ್ಸು." ಮುಟ್ಟಿ ನೋಡಿದ. "ನಿನ್ನೆ ಎಷ್ಟು ಎಸೆದೆ?"

"ಒಳಗೆ ಹೋಗೋ ಮೊದಲೇ ಮೂವತ್ತೊಂದು."

"ಥೂ! ಒಂದು ದಿನ ಬಿಟ್ಟುಹೋದ್ರೆ ಹೀಗಾ?"

"ನೀನು ಬೇಕಂತಲೇ ಮಾತಾಡಿ ತಡೀತಿದ್ದೆ ಅಲ್ವಾ?"

"ಮತ್ತೆ? ನಿನ್ನ ಮುಖ ಚೆಂದ ಅಂತ ಅಷ್ಟು ದೂರ ನಡ್ಕೊಂಡು ಬರ್ತಿದ್ನಾ? ನನಗೂ ಮೊಣಕಾಲು ನೋಯ್ತದೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ ನೀನು? ನೋಯ್ತಿದೆ ಅಂತ ತಾನಾಗೇ ಬಾಯಿಬಿಟ್ಟ ಪಿಚರ್‌ನ ನಾನಿನ್ನೂ ನೋಡಿಲ್ಲ ಮಾರಾಯ."

ಎಂಟನೇ ಇನಿಂಗ್ಸ್‌ನಲ್ಲಿ ಫೋನ್ ಬಂತು. ಒಂದು ರನ್ ಮುಂದಿದ್ದರು. ಎದುರಾಳಿಗಳಲ್ಲಿ ಇಬ್ಬರು ಔಟ್, ಇಬ್ಬರು ಬೇಸ್‌ಗಳ ಮೇಲೆ. ತಿಬುರ್ಸಿಯೊ ರಿಸೀವರ್‌ಗೆ ಅಂಗೈ ಅಡ್ಡ ಹಿಡಿದ.

"ನಿನ್ನನ್ನೇ ಕೇಳ್ತಿದ್ದಾನೆ. ಹೊಟ್ಟೆ ಕೆಟ್ಟಿದೆ ಅಂತೀನಿ. ಕೈ ವಿಷಯ ಗೊತ್ತಾಗದಿದ್ರೆ ನಾಳೆ ಪಟ್ಟೀಲಿ ಹೆಸರು ಉಳೀಬಹುದು."

ಅನುಲ್ಫೊ ರಿಸೀವರ್ ಕಿತ್ತುಕೊಂಡ. "ಬಾಸ್, ಮೊಣಕೈ ಊದಿದೆ. ಒಬ್ಬನಿಗೆ ಎಸೀತೀನಿ. ಅಷ್ಟೇ."

ಆ ಕಡೆಯಿಂದ ಸೆಗುರಾ ಕೇಳಿದ: "ಹಾಗಂದ್ರೆ ನಾಳೆ ಹೆಸರು ಇರಲ್ಲ. ಗೊತ್ತಲ್ಲ?"

"ಗೊತ್ತು ಬಾಸ್."

"ಆಯ್ತು. ಆ ಒಬ್ಬನನ್ನ ಮುಗಿಸು."

ಕೈ ಬಿಸಿಮಾಡಲು ಐದೇ ಎಸೆದು ಮೈದಾನಕ್ಕಿಳಿದ. ಮೊದಲ ಎರಡು ಚೆಂಡು ಹೊರಗೆ ಹೋದವು. ಮೂರನೆಯದನ್ನು ಬ್ಯಾಟರ್ ಹೊಡೆಯದೆ ಬಿಟ್ಟ. ನಾಲ್ಕನೆಯದು ಬ್ಯಾಟಿನ ಅಂಚಿಗೆ ತಗುಲಿ ನೆಲದ ಮೇಲೆ ಉರುಳಿ ಸೆಕೆಂಡ್ ಬೇಸ್‌ನವನ ಕೈ ಸೇರಿತು; ಬ್ಯಾಟರ್ ತಲುಪುವ ಮೊದಲೇ ಅವನು ಫಸ್ಟ್ ಬೇಸ್‌ಗೆ ಎಸೆದ. ಮೂರನೆಯವನೂ ಔಟ್, ಇನಿಂಗ್ಸ್ ಮುಗಿಯಿತು. ಮುಗಿಸಿದವನು ತಂಡ ಕೂತಿದ್ದ ಕಡೆ ಹೋಗುವುದು ವಾಡಿಕೆ. ಅನುಲ್ಫೊ ತಿರುಗಿ ಇಡೀ ಮೈದಾನ ದಾಟಿ ಬುಲ್‌ಪೆನ್‌ಗೆ ನಡೆದ, ತಿಬುರ್ಸಿಯೊನನ್ನು ತಬ್ಬಿಕೊಂಡ.

"ಬಿಡೋ, ಟಿವಿಯವರು ನೋಡ್ತಿದ್ದಾರೆ."

"ನೋಡ್ಲಿ ಬಿಡು."

ಆ ಒಂದು ರನ್‌ನಿಂದಲೇ ಗೆದ್ದರು. ಸೋಮವಾರದ ಪಟ್ಟಿಯಲ್ಲಿ ಅನುಲ್ಫೊ ಇರಲಿಲ್ಲ. ಸಂದರ್ಶನಕ್ಕೆ ಬಂದ ವರದಿಗಾರ, ಇಷ್ಟು ವರ್ಷ ಆಡಿದ್ದಕ್ಕೆ ಯಾರನ್ನು ನೆನೆಯುತ್ತೀರಿ ಎಂದು ಕೇಳಿದ.

"ತಿಬುರ್ಸಿಯೊ ಕುಯೇವಾಸ್."

"ಅವರು ಯಾವ ತಂಡಕ್ಕೆ ಆಡಿದವರು?"

"ಯಾವ ತಂಡಕ್ಕೂ ಆಡಿಲ್ಲ" ಎಂದ ಅನುಲ್ಫೊ. "ಬರ್ಕೊಳ್ಳಿ, ಹೇಳ್ತೀನಿ."