ಕರೆಯಬಾರದ ಹೆಸರು

ಕೊಟ್ರೇಶ ಚಳ್ಳಕೆರೆಯ ಸಾರಾಯಿ ಕಂಟ್ರಾಕ್ಟರು ಸೋಮಶೇಖರಪ್ಪನವರ ಬಳಿ ಹೊಡೆಯುವ ಕೆಲಸಕ್ಕಿದ್ದ. ಅದಕ್ಕೆ ಬೇರೆ ಹೆಸರಿಟ್ಟು ಹೇಳಿ ಪ್ರಯೋಜನವಿಲ್ಲ. ಮನೆಯಲ್ಲೇ ಕಳ್ಳಭಟ್ಟಿ ಇಳಿಸುವವರ ಊರಿಗೆ ಜೀಪಿನಲ್ಲಿ ಹೋಗುವುದು, ಮಡಕೆ ಒಡೆಯುವುದು, ಇಳಿಸಿದವನ ಮೂಳೆ ಮುರಿಯುವುದು, ಮತ್ತೆ ಜೀಪು ಹತ್ತುವುದು. ಎಲ್ಲಿ ಹೊಡೆದರೆ ಮನುಷ್ಯ ತಿಂಗಳು ಮಲಗುತ್ತಾನೆ, ಎಲ್ಲಿ ಹೊಡೆದರೆ ಏಳುವುದೇ ಇಲ್ಲ ಎಂಬುದು ಅವನ ತಲೆಗಿಂತ ಅವನ ಕೈಗೆ ಚೆನ್ನಾಗಿ ಗೊತ್ತಿತ್ತು.

ಹೆಸರೂ ಆ ಕೆಲಸಕ್ಕೆಂದೇ ಇಟ್ಟ ಹಾಗಿತ್ತು. ತಾಯಿ ಸೂರಮ್ಮ ಕೊಟ್ಟೂರು ಸ್ವಾಮಿಗೆ ಹರಕೆ ಹೊತ್ತು ಹೆತ್ತ ಮಗ ಅವನು, ಭಕ್ತಿಯಿಂದ ಇಟ್ಟ ಹೆಸರು ಅದು. ಆದರೆ ಮೊಳಕಾಲ್ಮೂರು ಗಡಿಯಲ್ಲಿ ತೆಲುಗು ಆಡುವವರೇ ಬಹಳ. ತೆಲುಗಿನಲ್ಲಿ ‘ಕೊಟ್ರಾ’ ಎಂದರೆ ‘ಹೊಡಿಯೋ’ ಎಂದರ್ಥ. ಸೋಮಶೇಖರಪ್ಪನವರು ಜೀಪಿನಲ್ಲಿ ಕುಳಿತೇ ‘ಕೊಟ್ರಾ!’ ಎಂದು ಕೂಗಿದರೆ ಹೆಸರು ಹಿಡಿದು ಕರೆದ ಹಾಗೂ ಆಯಿತು, ಅಪ್ಪಣೆ ಕೊಟ್ಟ ಹಾಗೂ ಆಯಿತು. ಕೇಳಿದವರು ಏಟು ಬೀಳುವ ಮೊದಲೇ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಆ ಕೆಲಸ ಅವನಿಗೆ ಬೇಸರವಾಯಿತು. ಪಾಪ ಪುಣ್ಯದ ಮಾತಲ್ಲ, ಅಷ್ಟು ದೊಡ್ಡ ಮನುಷ್ಯ ಅವನೇನಲ್ಲ. ಇವತ್ತು ಏಟು ತಿಂದವನು ಕೈ ಸರಿಹೋದ ಕೂಡಲೇ ಮತ್ತೆ ಮಡಕೆ ಇಡುತ್ತಿದ್ದ, ಇವನು ಮತ್ತೆ ಹೋಗಿ ಒಡೆಯುತ್ತಿದ್ದ. ಇಷ್ಟು ವರ್ಷ ದುಡಿದರೂ ಇದು ನಾನು ಮಾಡಿದ್ದು ಎಂದು ತೋರಿಸಲು ಒಂದು ವಸ್ತುವೂ ಇರಲಿಲ್ಲ. ಒಂದು ಬೆಳಿಗ್ಗೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದಾಗ ಒಳಗೆ ಮೈದಾ ನಾದುತ್ತಿದ್ದವನು ಕೈ ಸೋತು ತಮಾಷೆಗೆ ಕರೆದ. “ಬಾರಣ್ಣ, ನೀನೂ ನಾಕು ಗುದ್ದು ಗುದ್ದು.”

ಕೊಟ್ರೇಶ ಗುದ್ದಿದ. ಗುದ್ದಿದಷ್ಟೂ ಹಿಟ್ಟು ಮೆತ್ತಗಾಯಿತು, ಬಟ್ಟೆ ಮುಚ್ಚಿಟ್ಟರೆ ಉಬ್ಬಿತು, ಮಧ್ಯಾಹ್ನಕ್ಕೆ ಘಮಘಮ ಬನ್ನಾಗಿ ಹೊರಗೆ ಬಂತು. ತನ್ನ ಏಟು ತಿಂದು ಉದ್ಧಾರವಾದ ವಸ್ತುವನ್ನು ಅವನು ನೋಡಿದ್ದು ಅದೇ ಮೊದಲು. ಅವತ್ತೇ ಅವನಿಗೆ ಆ ಹುಚ್ಚು ಹಿಡಿಯಿತು.

ಕೆಲಸ ಬಿಡುತ್ತೇನೆ ಎಂದಾಗ ಸೋಮಶೇಖರಪ್ಪನವರು ನಕ್ಕರು, ತಡೆಯಲಿಲ್ಲ. ಕೊಟ್ರೇಶ ತಾಯಿಯನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಬಂದು ರೇಷ್ಮೆ ಸೀರೆ ಅಂಗಡಿಗಳ ಸಾಲಿನ ಕೊನೆಗೆ ಸಣ್ಣ ಬೇಕರಿ ಹಾಕಿದ. ಬೇಕರಿಯ ಒಲೆಗೂ ಭಟ್ಟಿ ಎಂದೇ ಹೆಸರು. ಭಟ್ಟಿ ಒಡೆಯುವವನು ಭಟ್ಟಿ ಕಟ್ಟಿದ ಎಂದು ಊರು ನಕ್ಕಿತು. ನಕ್ಕವರು ಯಾರೂ ಒಳಗೆ ಕಾಲಿಡಲಿಲ್ಲ.

“ಅವ್ವಾ, ಇಲ್ಲಿ ನನ್ನ ಹೆಸರು ಹಿಡಿದು ಕೂಗಬ್ಯಾಡ. ಜನ ಹೆದರ್ತಾರೆ.”

“ದೇವರ ಹೆಸರು ಕಣೋ ಅದು.”

“ನಿನ್ನ ದೇವರಿಗೆ ತೆಲುಗು ಬರಲ್ಲ ಬಿಡವ್ವ. ಮಗಾ ಅನ್ನು ಸಾಕು.”

ಸೂರಮ್ಮ ಬಾಯಿ ಬಿಗಿಹಿಡಿದಳು. ಹೆಸರು ಮರೆಯಾಯಿತು. ಮೊದಲು ಮಕ್ಕಳು ಬಂದರು, ಆಮೇಲೆ ಹೆಂಗಸರು ಬಂದರು, ಖಾರದ ಬಿಸ್ಕತ್ತು ಮೆತ್ತಗಾಗಿದೆ ಎಂದು ಮುಖದ ಮೇಲೇ ಬೈದರು. ಬೈಸಿಕೊಂಡು ಕೊಟ್ರೇಶ ಹಲ್ಲು ಕಿರಿದ. ಒಂದೆರಡು ವರ್ಷದಲ್ಲಿ ಅವನು ಊರಿಗೆಲ್ಲ ಬೇಕರಿಯಣ್ಣನಾದ. ಭಟ್ಟಿ ನೋಡಿಕೊಳ್ಳಲು ಗಡಿಯಾಚೆ ರಾಯದುರ್ಗದ ಕಡೆಯ ಕ್ಯಾತಣ್ಣ ಬಂದು ಸೇರಿಕೊಂಡ. ನಡುವಯಸ್ಸಿನ ಮೆತ್ತಗಿನ ಮನುಷ್ಯ, ಮನೆಮಾತು ತೆಲುಗು, ಕನ್ನಡ ಅಷ್ಟಕ್ಕಷ್ಟೆ. ಕೊಟ್ರೇಶನಿಗೆ ‘ಸಾಮಿ’ ಎನ್ನುತ್ತಿದ್ದ, ಸೂರಮ್ಮನಿಗೆ ‘ಅಮ್ಮ’. ಯಜಮಾನನ ಹೆಸರೇನೆಂದು ಅವನು ಕೇಳಲೂ ಇಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ.

ಅಷ್ಟರಲ್ಲಿ ಆಂಧ್ರದಲ್ಲಿ ಸಾರಾಯಿ ಬಂದ್ ಆಯಿತು. ಗಡಿಯಲ್ಲಿ ಕದ್ದು ಸಾಗಿಸುವ ವ್ಯಾಪಾರ ಏರಿತು, ಹೊಡೆದಾಟವೂ ಏರಿತು. ಸೋಮಶೇಖರಪ್ಪನವರಿಗೆ ಹಳೆಯ ಕೈ ಬೇಕಾಯಿತು. ಒಂದು ಬೆಳಿಗ್ಗೆ ಪಾಲಾಕ್ಷ ಹುಡುಗರನ್ನು ಕಟ್ಟಿಕೊಂಡು ಬೇಕರಿಗೆ ನುಗ್ಗಿದ. ಜೀಪಿನಲ್ಲಿ ಕೊಟ್ರೇಶನ ಪಕ್ಕದಲ್ಲೇ ಕೂರುತ್ತಿದ್ದವನು ಅವನು.

“ಏಳಲೇ. ಯಜಮಾನ್ರು ಕರೀತಾರೆ.”

ಕೊಟ್ರೇಶ ಮೊಣಕೈವರೆಗೂ ಹಿಟ್ಟಿನಲ್ಲಿದ್ದ. “ನಾನು ಬರಲ್ಲ ಪಾಲಾಕ್ಷ. ಬನ್ ತಿಂದು ಹೋಗು.”

ಪಾಲಾಕ್ಷ ಬನ್ನಿನ ಟ್ರೇ ನೆಲಕ್ಕೆ ಕೆಡವಿ ಚಪ್ಪಲಿ ಕಾಲಲ್ಲಿ ತುಳಿದ. ಗಾಜಿನ ಬರಣಿಗಳನ್ನು ಒಂದೊಂದಾಗಿ ಗೋಡೆಗೆ ಬಿಸಾಕಿದ. ಕೊಟ್ರೇಶ ಅಲುಗದಿದ್ದಾಗ ಹತ್ತಿರ ಬಂದು ಕೆನ್ನೆಗೆ ಬಾರಿಸಿದ. ಇನ್ನೊಂದು ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಹಿಟ್ಟಿಗೆ ತೊಟ್ಟಿಕ್ಕಿತು.

“ಒಂದೇ ಒಂದು ತಿರುಗಿ ಹೊಡಿ, ಗಂಡಸಾಗಿದ್ರೆ.”

“ಹೊಡ್ದು ಹೋಗು. ನನ್ನ ಕೈ ಖಾಲಿ ಇಲ್ಲ.”

ಆ ಮಾತಿಗೆ ಹುಡುಗರಲ್ಲೊಬ್ಬ ನಕ್ಕುಬಿಟ್ಟ. ಪಾಲಾಕ್ಷನಿಗೆ ಮೈಯೆಲ್ಲ ಉರಿಯಿತು. ಅಡ್ಡ ಬಂದ ಸೂರಮ್ಮನನ್ನು ಕುತ್ತಿಗೆಗೆ ಕೈ ಹಾಕಿ ತಳ್ಳಿದ. ಮುದುಕಿ ಗಾಜಿನ ಚೂರುಗಳ ಮೇಲೆ ಬಿದ್ದಳು. ಆಗ ಕೊಟ್ರೇಶನ ಕೈ ಹಿಟ್ಟಿನಿಂದ ಎದ್ದು ಬಂತು. ಬಿದ್ದಲ್ಲಿಂದಲೇ ಸೂರಮ್ಮ ಮಗನ ಕಣ್ಣು ನೋಡಿದಳು. ಇನ್ನೊಂದು ಕ್ಷಣಕ್ಕೆ ಹೆಣ ಬೀಳುತ್ತದೆ ಎಂದು ಅವಳಿಗೆ ತಿಳಿಯಿತು. ತಡೆಯಬೇಕೆಂದು, ಇಷ್ಟು ದಿನ ನುಂಗಿಕೊಂಡಿದ್ದ ಹೆಸರನ್ನು ಎದೆ ಬಿರಿಯುವ ಹಾಗೆ ಕಿರುಚಿದಳು.

“ಕೊಟ್ರಾ! ಕೊಟ್ರಾ!”

ಬ್ಯಾಡ ಕಣೋ ಎನ್ನುವಷ್ಟರಲ್ಲಿ ತಡವಾಗಿತ್ತು. ಭಟ್ಟಿಯ ಮುಂದಿದ್ದ ಕ್ಯಾತಣ್ಣ, ಬಿಸಿ ಟ್ರೇ ಎಳೆಯುವ ಉದ್ದನೆಯ ಕಬ್ಬಿಣದ ಕೊಕ್ಕೆಯನ್ನು ಹಿಡಿದೇ ತಿರುಗಿದ. ಅಮ್ಮ ಹೊಡಿ ಹೊಡಿ ಎಂದು ಕೂಗುತ್ತಿದ್ದಳು. ಹೊಡೆದ. ಕಾದ ಕೊಕ್ಕೆ ಪಾಲಾಕ್ಷನ ಬಲಗಣ್ಣಿಗೆ ನಾಟಿತು. ಸುಟ್ಟ ವಾಸನೆ ಬಂತು. ಪಾಲಾಕ್ಷ ಮುಖ ಹಿಡಿದುಕೊಂಡು, ತುಳಿದ ಬನ್ನುಗಳ ಮೇಲೆ ಹೊರಳಾಡಿ ಅರಚಿದ.

ಹುಡುಗರು ಕ್ಯಾತಣ್ಣನ ಮೇಲೆ ಏರಿ ಬಂದರು. ಕೊಟ್ರೇಶ ಮಧ್ಯೆ ನಿಂತ. ಕೈ ಎತ್ತಲಿಲ್ಲ, ನಿಂತದ್ದೇ ಸಾಕಾಯಿತು. ಅವರು ಪಾಲಾಕ್ಷನನ್ನು ಜೀಪಿಗೆ ಎತ್ತಿ ಹಾಕಿಕೊಂಡು ಹೋದರು.

ಕ್ಯಾತಣ್ಣ ಕೊಕ್ಕೆಯನ್ನು ನೆಲಕ್ಕಿಟ್ಟ. “ಅಮ್ಮೇ ಕೊಟ್ರಾ ಅನೆ ಗದಾ ಸಾಮಿ.” ಅಮ್ಮನೇ ಹೊಡಿ ಅಂದಳಲ್ಲ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ.

“ಅದು ನನ್ನ ಹೆಸರು ಕಣಯ್ಯ,” ಎಂದ ಕೊಟ್ರೇಶ. ಕ್ಯಾತಣ್ಣ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. ಸೂರಮ್ಮ ತನ್ನ ನಾಲಿಗೆ ಬಿದ್ದುಹೋಗಲಿ ಎಂದು ಬಾಯಿ ಬಡಿದುಕೊಂಡು ಅತ್ತಳು.

ಕ್ಯಾತಣ್ಣನನ್ನು ಗಡಿ ದಾಟಿಸೋಣವೆಂದರೆ ಊರಿನ ರಸ್ತೆಗಳಲ್ಲೆಲ್ಲ ಕಂಟ್ರಾಕ್ಟರ ಹುಡುಗರು ನಿಂತಿದ್ದರು. ಸಂಜೆಗೆ ಸೋಮಶೇಖರಪ್ಪನವರೇ ಬಂದರು. ಹಣೆಯ ಮೇಲೆ ವಿಭೂತಿ, ಮೈ ಮೇಲೆ ಬಿಳಿ ಬಟ್ಟೆ. ಬೆಂಚಿನ ಧೂಳು ಒರೆಸಿ ಕೂತು ನೀರು ಕೇಳಿ ಕುಡಿದರು.

“ಕಣ್ಣು ಹೋಯ್ತು ಕಣಪ್ಪ ನಮ್ಮ ಹುಡುಗಂದು.”

“ನನ್ನ ಹೊಡೆಸ್ರಿ ಯಜಮಾನ್ರೇ. ತಪ್ಪು ನಂದು.”

“ನೀನು ನನ್ನ ಕೈ. ನನ್ನ ಕೈ ನಾನೇ ಮುರ್ಕೊಳ್ಳಾ? ಕೇಸು ಗೀಸು ಬ್ಯಾಡ ನಂಗೆ. ಹೊರಗೆ ಹುಡುಗರು ಕಾಯ್ತಾ ಅವ್ರೆ, ಅವರಿಗೆ ನಿನ್ನ ಭಟ್ಟಿಯವನ ಎರಡು ಕಣ್ಣೂ ಬೇಕು. ಅವರಿಗೆ ಬಿಟ್ರೆ ಅವನು ಉಳಿಯಲ್ಲ.” ಸೋಮಶೇಖರಪ್ಪನವರು ಲೋಟ ಕೆಳಗಿಟ್ಟರು. “ಇಲ್ಲಾಂದ್ರೆ ನೀನು ಹೊಡಿ. ಎಲ್ಲರ ಮುಂದೆ. ಒಂದು ಕೈ ಮುರಿ, ಮುಗೀತು. ಸಾಯದಂಗೆ ಹೊಡಿಯೋದು ನಿಂಗೊಬ್ಬನಿಗೇ ಬರೋದು.”

ಕೊಟ್ರೇಶ ಅವರ ಕಾಲು ಹಿಡಿದ. ಅವರು ಕಾಲು ಎಳೆದುಕೊಂಡರು. ಹೊರಗೆ ಹುಡುಗರು ಬಾಗಿಲು ಒದೆಯಲು ಶುರು ಮಾಡಿದ್ದರು. ಮೂಲೆಯಲ್ಲಿ ಮೈದಾ ಮೂಟೆಗಳ ಹಿಂದೆ ಕೂತಿದ್ದ ಕ್ಯಾತಣ್ಣನಿಗೆ ಮಾತೆಲ್ಲ ತಿಳಿಯದಿದ್ದರೂ ಕೈ ಎಂಬುದು ತಿಳಿಯಿತು. ಅವನು ತಾನೇ ಎದ್ದು ಬಂದು ಹಿಟ್ಟು ನಾದುವ ಹಲಗೆಯ ಮೇಲೆ ಎಡಗೈ ಚಾಚಿದ.

“ಇದು, ಸಾಮಿ. ಅದು ಹಿಟ್ಟಿಗೆ ಬೇಕು.”

ಬಾಗಿಲು ತೆರೆಯಿತು. ಹುಡುಗರು ಒಳಗೆ ತುಂಬಿಕೊಂಡರು. ಕೊಟ್ರೇಶ ಭಟ್ಟಿಯ ಪಕ್ಕದ ಸೌದೆಯಲ್ಲಿ ಒಂದನ್ನು ಎತ್ತಿಕೊಂಡ. ಅದಕ್ಕೆ ಗಂಟಿತ್ತು, ಮೂಳೆ ಪುಡಿಯಾಗುತ್ತದೆ. ಕೆಳಗಿಟ್ಟು ನುಣ್ಣಗಿನದೊಂದನ್ನು ತೆಗೆದುಕೊಂಡ. ಮಣಿಕಟ್ಟಿಗೂ ಮೊಣಕೈಗೂ ನಡುವೆ ಜಾಗ ನೋಡಿದ. ಸೂರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎತ್ತಿದ, ಬಿಟ್ಟ.

ಮೂಳೆ ಒಂದೇ ಕಡೆ, ನೇರಕ್ಕೆ ಮುರಿಯಿತು. ಚರ್ಮ ಸಹ ಹರಿಯಲಿಲ್ಲ. ಕ್ಯಾತಣ್ಣ ಹಲಗೆಯ ಮೇಲೆ ಮುಖ ಹಚ್ಚಿ ಪ್ರಾಣಿಯ ಹಾಗೆ ಕೂಗಿದ. ಹಿಂದೆ ಯಾರೋ ಭೇಷ್ ಎಂದರು.

“ಕೈ ಹಂಗೇ ಐತೆ,” ಎಂದರು ಸೋಮಶೇಖರಪ್ಪನವರು, ಎದ್ದು ನಿಲ್ಲುತ್ತಾ. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು.

ಅವರೆಲ್ಲ ಹೋದ ಮೇಲೆ ಕೊಟ್ರೇಶ ಅತ್ತ. ಕ್ಯಾತಣ್ಣನಿಗೆ ನೋವಾಯಿತೆಂದು ಅತ್ತದ್ದಲ್ಲ. ಇಷ್ಟು ದಿನ ಹಿಟ್ಟು ನಾದಿ ನಾದಿ ಕೈ ಮೆತ್ತಗಾಗಿದೆ ಎಂದುಕೊಂಡಿದ್ದ, ಹೊಡೆಯುವಾಗ ಅದು ಒಂದಿಷ್ಟೂ ನಡುಗಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಏಟು ಸರಿಯಾಗಿ ಬಿದ್ದಾಗ ಒಂದು ಗಳಿಗೆ ಅವನಿಗೆ ಹಿತವಾಗಿತ್ತು.

ಬೆಳಿಗ್ಗೆ ಕ್ಯಾತಣ್ಣನ ಕೈಗೆ ಬಿದಿರಿನ ದಬ್ಬೆ ಕಟ್ಟಿ, ನನ್ನಿವಾಳದಲ್ಲಿ ಮೂಳೆ ಕೂರಿಸುವವರ ಬಳಿಗೆಂದು ಚಳ್ಳಕೆರೆ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸೊಬ್ಬಳು ಎದ್ದು ಕ್ಯಾತಣ್ಣನಿಗೆ ಸೀಟು ಬಿಟ್ಟಳು. ಕೊಟ್ರೇಶ ಪಕ್ಕದಲ್ಲೇ ನಿಂತ. ನೋವಿದೆಯೇ ಎಂದು ಕೇಳಿದ್ದಕ್ಕೆ ಕ್ಯಾತಣ್ಣ ಇಲ್ಲ ಸಾಮಿ ಎಂದು ನಕ್ಕ, ಬೇಗ ವಾಸಿಯಾಗುತ್ತದೆ, ಭಟ್ಟಿ ಆರಲು ಬಿಡಬೇಡಿ ಎಂದೂ ತನ್ನ ಅರೆ ಕನ್ನಡದಲ್ಲಿ ಹೇಳಿದ. ಅಷ್ಟರಲ್ಲಿ ಬಸ್ಸು ಜೋರಾಗಿ ತಿರುಗಿತು. ಮೇಲಿನ ಕಂಬಿ ಹಿಡಿಯಲು ಕೊಟ್ರೇಶ ಥಟ್ಟನೆ ಕೈ ಎತ್ತಿದ.

ಕ್ಯಾತಣ್ಣ ಮುದುಡಿ, ಮುರಿದ ಕೈಯನ್ನೂ ಸೇರಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಕೊಟ್ರೇಶ ಕೈ ಇಳಿಸಿದ. ಚಳ್ಳಕೆರೆ ಬರುವವರೆಗೂ ಕಂಬಿ ಹಿಡಿಯಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಅವರಿವರ ಮೈ ಮೇಲೆ ಬಿದ್ದು ಬೈಸಿಕೊಳ್ಳುತ್ತಾ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.