ಒಂಬತ್ತು ಕೈ, ಒಂದು ಕರ್ಪೂರ

ಬಚ್ಚಮ್ಮನಿಗೆ ಸಾಕ್ಷಿ ಇರಲಿಲ್ಲ. ಬಾಯಿ ಇತ್ತು, ಹಸು ಒಂದಿತ್ತು, ಮಾಸ್ತಿ ಕಡೆಯ ಆ ಊರಿನ ಡೇರಿ ಸಾಲಿನಲ್ಲಿ ಎಲ್ಲರ ಹಿಂದೆ ಒಂದು ಜಾಗವೂ ಇತ್ತು.

“ನೀರು ಸುರ್ದಿದ್ದು ಈ ಮುಂಡೇನೇ,” ಎಂದ ಸೆಕ್ರೆಟರಿ ಕೋದಂಡರಾಮಪ್ಪ. ಹಿಂದಿನ ದಿನ ಮಾಲೂರಿನ ಹಾಲು ಕೇಂದ್ರಕ್ಕೆ ಹೋದ ಊರ ಕ್ಯಾನು ‘ನೀರು ಜಾಸ್ತಿ’ ಎಂದು ವಾಪಸು ಬಂದಿತ್ತು. “ಕೇರಿ ಬುದ್ಧಿ ಎಲ್ಲಿಗ್ ಹೋಗ್ತದೆ? ಇವತ್ತಿಂದ ಇವಳ ಹಾಲು ಬೇಡ.”

ಸುರಿದವನು ಕೋದಂಡರಾಮಪ್ಪನೇ. ಬಚ್ಚಮ್ಮನಿಗೆ ಅದನ್ನು ಹೇಳಿದವರು ಡೇರಿಯ ಡೈರೆಕ್ಟರುಗಳೇ. ನಸುಕಿನಲ್ಲಿ ಸುಬ್ರಮಣಿ ಅವಳ ಬೇಲಿ ಪಕ್ಕ ಉಚ್ಚೆಗೆ ಕೂತವನಂತೆ ಕೂತು, “ಸೆಕ್ರೆಟ್ರಿ ನಲ್ಲಿ ಕೆಳ್ಗೆ ಕ್ಯಾನ್ ಇಟ್ಟಿದ್ದು ಕಣ್ಣಾರೆ ನೋಡ್ದೆ ಕಣಮ್ಮೋ. ನಿಂದೇನೂ ತಪ್ಪಿಲ್ಲ,” ಅಂದಿದ್ದ. ಆಮೇಲೆ ಪೆದ್ದಪ್ಪ ಹಿಪ್ಪುನೇರಳೆ ಗಿಡಗಳ ಮರೆಯಿಂದ ಅದನ್ನೇ ಹೇಳಿ ಕಣ್ಣೊರೆಸಿಕೊಂಡಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಹರಿಶ್ಚಂದ್ರರೇ.

ಈಗ ಸೆಕ್ರೆಟರಿ ಸೇರಿ ಒಂಬತ್ತು ಜನ ಒಟ್ಟಿಗೆ ನಿಂತಿದ್ದರು.

“ಹಂಗಾರೆ ಕರ್ಪೂರ ಆರಿಸ್ಲಿ ಸಾಮಿ,” ಎಂದಳು ಬಚ್ಚಮ್ಮ. ಸುಳ್ಳು ಹೇಳಿ ಉರಿಯುವ ಕರ್ಪೂರ ಆರಿಸಿದವನ ಮನೆ ದೀಪವೇ ಆರುತ್ತದೆಂದು ಊರಿನ ನಂಬಿಕೆ.

ಸುಬ್ರಮಣಿ ಒಂದು ಹೆಜ್ಜೆ ಹಿಂದೆ ಸರಿದ. ಕೋದಂಡರಾಮಪ್ಪ ನಕ್ಕ. “ಒಂದೇ ಬಿಲ್ಲೆ ಹಚ್ಲಾ. ಎಲ್ರೂ ಒಟ್ಗೆ ಕೈ ಇಡಿ. ಪಾಪ ಬಂದ್ರೂ ಒಂಬತ್ತು ಪಾಲು. ತಲೆಗೊಂದು ನೆಗಡಿ ಬಂದೀತು, ಅಷ್ಟೇ.”

ಉರಿಯುವ ಬಿಲ್ಲೆಯ ಮೇಲೆ ಒಂಬತ್ತು ಕೈ ಒಂದರ ಮೇಲೊಂದು ಬಿದ್ದವು. ಪೆದ್ದಪ್ಪನದು ಎಲ್ಲಕ್ಕಿಂತ ಮೇಲೆ, ಶಾಖವೂ ತಗಲಲಿಲ್ಲ.

“ಬಚ್ಚಮ್ಮಂದು ನೀರೇ,” ಎಂದರು ಒಂದೇ ಗಂಟಲಿನಲ್ಲಿ.

ಬಚ್ಚಮ್ಮ ಮುಂದೆ ಬಂದು ತನ್ನ ಪಾತ್ರೆಯ ಹಾಲನ್ನು ಅವರೆಲ್ಲರ ಹಾಲಿದ್ದ ಅಂದಿನ ಕ್ಯಾನಿಗೆ ಸುರಿದಳು. ಕ್ಯಾನು ಕಂಠದವರೆಗೆ ತುಂಬಿತು.

“ಈಗ ನಿಮ್ದೂ ನೀರೇ. ಅಲ್ಲ ಅನ್ನೋನು ಡಿಗ್ರಿ ಕಡ್ಡಿ ಬಿಟ್ಟು ನೋಡ್ಲಿ.”

ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಆ ಗಾಜಿನ ಕಡ್ಡಿ ಮೇಜಿನ ಮೇಲೇ ಇತ್ತು. ಹಾಲು ಸರಿಯಿದೆ ಎಂದು ಕಡ್ಡಿ ಹೇಳಿದರೆ ಕರ್ಪೂರ ಸುಳ್ಳಾಗುತ್ತದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನೂ ಮುಟ್ಟಲಿಲ್ಲ.

“ಏನ್ಲಾ ನೋಡ್ತೀರಾ, ಚೆಲ್ರೋ,” ಎಂದ ಕೋದಂಡರಾಮಪ್ಪ.

ಒಟ್ಟಿಗೇ ಕೈಹಾಕಿ ಬಗ್ಗಿಸಿದರು. ಚರಂಡಿ ಬೆಳ್ಳಗಾಯಿತು. ನಾಯಿಗಳು ಯಾರ ಹಾಲೆಂದು ಕೇಳದೆ ನೆಕ್ಕಿದವು.

ಹೋದದ್ದು ನಲವತ್ತು ಲೀಟರ್. ಅದರಲ್ಲಿ ಬಚ್ಚಮ್ಮನದು ಮೂರು.