ಪಾಡ್‌ಮೋರ್ ಹೊಡೆಯದ ಗೋಲು

ಪ್ರತಿ ಪಂದ್ಯಕ್ಕೂ ಅಚ್ಚಾಗುತ್ತಿದ್ದ ಪುಸ್ತಿಕೆಯಲ್ಲಿ ತಪ್ಪು ಹುಡುಕಿ ತೆಗೆಯದೆ ಹೋದರೆ ವಾಲ್ಟ್‌ಗೆ ಶನಿವಾರ ತಿಂದ ಮಾಂಸದ ಪೈ ಕೂಡ ಮೈಗೆ ಹತ್ತುತ್ತಿರಲಿಲ್ಲ. ಮರದ ಮೆಟ್ಟಿಲುಗಳ ಮೇಲೆ ತನ್ನ ಜಾಗದಲ್ಲಿ ಕೂತು, ಕನ್ನಡಕ ಏರಿಸಿ, ಮೊದಲ ಪುಟದಿಂದ ಹಿಂದಿನ ರಟ್ಟಿನವರೆಗೆ ಜಾಲಾಡುತ್ತಿದ್ದ. ಸಿಕ್ಕಿತೋ, ಅರ್ಧ ಮೈದಾನಕ್ಕೆ ಕೇಳುವ ಹಾಗೆ ಕೂಗುತ್ತಿದ್ದ: "ಕ್ಲೆಮ್! ಏಳನೇ ಪುಟ ನೋಡೋ! ಅದು ಮಂಗಳವಾರ ಅಲ್ಲ, ಬುಧವಾರ!"

"ಬಾಯಿ ಮುಚ್ಕೊಂಡು ಪೈ ತಿನ್ನೋ" ಅಂತ ಕೆಳಗಿನಿಂದ ಕ್ಲೆಮ್ ಆಕ್ರಾಯ್ಡ್ ಕೂಗುತ್ತಿದ್ದ. ಹಾರ್‌ಕ್ಲಿಫ್ ಫುಟ್‌ಬಾಲ್ ಕ್ಲಬ್ಬಿನ ಪುಸ್ತಿಕೆ ಬರೆಯುವವನು ಅವನೇ, ಗೇಟಿನ ಹತ್ತಿರ ನಿಂತು ಮಾರುವವನೂ ಅವನೇ. ನಲವತ್ತು ವರ್ಷದಿಂದ ಇಬ್ಬರದೂ ಇದೇ ಜಗಳ. ಯಾರ್ಕ್‌ಷೈರಿನ ಆ ಗುಡ್ಡದ ಊರಿನಲ್ಲಿ ತಂಡ ಸೋಲುವುದಕ್ಕೂ ಇವರಿಬ್ಬರು ಕಚ್ಚಾಡುವುದಕ್ಕೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈಗ ಪುಸ್ತಿಕೆಯನ್ನೇ ನಿಲ್ಲಿಸುವ ಮಾತು ಬಂದಿತ್ತು. ಕ್ಲಬ್ಬಿನ ಅಧ್ಯಕ್ಷೆ ಗೇನರ್ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಟಗಾರರ ಕೋಣೆಯ ನೆಲ ಒರೆಸುವವಳೂ ಅವಳೇ, ಸೋರುವ ಮಾಡಿನ ಕೆಳಗೆ ಬಕೆಟ್ ಇಡುವವಳೂ ಅವಳೇ. ಆದರೆ ಉಳಿದ ಕ್ಲಬ್ಬುಗಳೆಲ್ಲ ಪುಸ್ತಿಕೆ ಬಿಟ್ಟು ಫೋನು ಹಿಡಿದಿದ್ದವು. ಫೋನಿನಲ್ಲಿ ಎಲ್ಲ ಇದೆಯಂತೆ. ಇರಲಿ ಬಿಡಿ. ಮಳೆ ಬಂದರೆ ಅದನ್ನು ತಲೆ ಮೇಲೆ ಹಿಡಿಯಲಾಗುತ್ತದೆಯೇ, ನೀವೇ ಹೇಳಿ.

"ಯಾರೂ ಓದಲ್ಲ ಕ್ಲೆಮ್," ಎಂದಳು ಗೇನರ್. "ಕೊಳ್ತಾರೆ, ನಿಜ. ನಿಮ್ಮ ಮುಖ ನೋಡಿ ಕೊಳ್ತಾರೆ. ಆಮೇಲೆ ಒದ್ದೆ ಬೆಂಚಿನ ಮೇಲೆ ಹಾಸಿಕೊಂಡು ಕೂರ್ತಾರೆ."

ಕ್ಲೆಮ್‌ಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. "ಓದಲ್ವಾ? ಸರಿ, ನೋಡೇಬಿಡೋಣ. ಈ ಶನಿವಾರದ ಪುಸ್ತಕದಲ್ಲಿ ಬೇಕಂತಲೇ ಒಂದು ತಪ್ಪು ಹಾಕ್ತೀನಿ. ಕೊನೇ ಸೀಟಿ ಊದೋದ್ರೊಳಗೆ ಒಬ್ಬರಾದ್ರೂ ಬಂದು ತಪ್ಪಿದೆ ಅಂತ ಹೇಳಿದ್ರೆ ಪುಸ್ತಕ ಉಳೀಬೇಕು. ಯಾರೂ ಬಾಯಿ ಬಿಡಲಿಲ್ವಾ, ಅದೇ ಕೊನೇದು. ನಾನು ಒಂದು ಮಾತೂ ಆಡಲ್ಲ."

"ಪೈ ಬೆಲೆಯಲ್ಲಿ ತಪ್ಪು ಹಾಕೋ ಹಾಗಿಲ್ಲ. ಗಲಾಟೆ ಆಗುತ್ತೆ."

"ಛೇ, ಅಂಥ ಮೋಸ ನಾನು ಮಾಡ್ತೀನಾ? ಆಟದ್ದೇ ತಪ್ಪು. ಆದ್ರೆ ನೀನೂ ಯಾರ ಹತ್ರಾನೂ ಬಾಯಿ ಬಿಡಬಾರದು."

"ಆಣೆಗೂ ಬಿಡಲ್ಲ," ಎಂದು ಗೇನರ್ ಕೈ ಚಾಚಿದಳು.

ಅಷ್ಟು ಗತ್ತಿನಿಂದ ಹೇಳಿ ಬಂದವನಿಗೆ, ಮನೆಯಲ್ಲಿ ಪುಟಗಳನ್ನು ಹರಡಿಕೊಂಡು ಕೂತಾಗ ದಿಗಿಲು ಶುರುವಾಯಿತು. ಯಾವ ತಪ್ಪು ಹಾಕುವುದು? ಎದುರು ತಂಡದವನ ವಯಸ್ಸು ತಪ್ಪಿದರೆ ಅವನ ಅಮ್ಮನಿಗೂ ಗೊತ್ತಾಗುವುದಿಲ್ಲ. ತಾರೀಖು ತಪ್ಪಿದರೆ ವಾಲ್ಟ್ ಹಿಡಿದುಬಿಡುತ್ತಾನೆ, ಆದರೆ ಅವನೊಬ್ಬನೇ. ಒಬ್ಬ ವಾಲ್ಟ್‌ಗಾಗಿ ಅಚ್ಚು ಹಾಕಿಸಬೇಕೇ ಎಂದು ಗೇನರ್ ಕೇಳಿದರೆ ಏನು ಹೇಳುವುದು?

ಕೊನೆಗೆ ಕಣ್ಣು ಹಳೇ ನೆನಪಿನ ಪುಟದ ಮೇಲೆ ನಿಂತಿತು. ಕಪ್ ಪಂದ್ಯಗಳು ಶುರುವಾಗುವ ಈ ಸಮಯಕ್ಕೆ ಪ್ರತಿವರ್ಷ ಅವನು ಒಂದು ಗೋಲಿನ ಬಗ್ಗೆ ಬರೆಯುತ್ತಿದ್ದ. ಅವನ ಅಣ್ಣ ನಾರ್ಮನ್, ಹಗಲೆಲ್ಲ ಉಣ್ಣೆ ಗಿರಣಿಯಲ್ಲಿ ದುಡಿದು ಸಂಜೆ ಬೂಟು ಕಟ್ಟುತ್ತಿದ್ದವನು, ದಟ್ಟ ಮಂಜಿನಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿ ಮೇಲಿನ ದರ್ಜೆಯ ದೊಡ್ಡ ತಂಡವನ್ನು ಮನೆಗೆ ಕಳಿಸಿದ್ದ. ಹಾರ್‌ಕ್ಲಿಫ್‌ಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ ದಿನ. ಆ ತಂಡದಲ್ಲಿ ಆಡಿದವರು ಈಗ ಒಬ್ಬರೂ ಇಲ್ಲ. ನಾರ್ಮನ್ ಹೋಗಿಯೂ ಬಹಳ ಕಾಲವಾಗಿತ್ತು.

ಈ ಸಾಲನ್ನು ಓದದವರು ಯಾವ ಸಾಲನ್ನೂ ಓದುವುದಿಲ್ಲ ಎಂದುಕೊಂಡ ಕ್ಲೆಮ್. ನಾರ್ಮನ್‌ನ ಹೆಸರು ತೆಗೆದು ಆ ಜಾಗದಲ್ಲಿ ಪಾಡ್‌ಮೋರ್ ಎಂದು ಬರೆದ. ಪಾಡ್‌ಮೋರ್ ಅಂದರೆ ಅದೇ ತಂಡದಲ್ಲಿ ಹಿಂದೆ ನಿಂತು ಚೆಂಡು ತಡೆಯುತ್ತಿದ್ದ ಭಾರೀ ಆಸಾಮಿ. ವಿರಾಮದಲ್ಲಿ ತಂಡಗಳು ಬದಿ ಬದಲಿಸುವಾಗ ಬಿಟ್ಟರೆ ಅವನು ಮೈದಾನದ ನಡುಗೆರೆ ದಾಟಿದ್ದನ್ನು ಕಂಡವರಿಲ್ಲ. ಅವನು ಗೋಲು ಹೊಡೆದನೆಂದರೆ ದನವೂ ನಗಬೇಕು. ಆದರೆ ಬರೆಯುವಾಗ ಕ್ಲೆಮ್‌ಗೆ ನಗು ಬರಲಿಲ್ಲ. "ಎರಡೇ ದಿನ ಕಣೋ ನಾರ್ಮನ್, ಬೇಜಾರು ಮಾಡ್ಕೋಬೇಡ," ಎಂದು ಗಟ್ಟಿಯಾಗಿಯೇ ಹೇಳಿ ಅಚ್ಚಿಗೆ ಕಳಿಸಿದ.

ಶನಿವಾರ ತೆಳುವಾಗಿ ಬಿಸಿಲಿತ್ತು. ಕ್ಲೆಮ್ ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನಲ್ಲಿ ನಿಂತ. ಜನ ಬಂದರು, ಕೊಂಡರು, ಒಳಗೆ ಹೋದರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ್ದೇ ನೋಡಿದ್ದು. ಈಗ ತಿರುಗಿ ಬರುತ್ತಾರೆ, ಈಗ ಬೈಯುತ್ತಾರೆ ಎಂದು ಕಾದ. ಒಬ್ಬರೂ ಬೈಯಲಿಲ್ಲ.

ಆಟಕ್ಕೆ ಮೊದಲು ಚಹಾ ಕುಡಿಯಲು ಹೋದ. ಗೂಡಂಗಡಿಯ ಐರೀನ್ ಬೇರೆ ದಿನ ಲೋಟವನ್ನು ಕುಕ್ಕಿ "ಮುಂದಕ್ಕೆ ಹೋಗು, ಹಿಂದೆ ಜನ ಇದ್ದಾರೆ" ಅನ್ನುವವಳು. ಇವತ್ತು ಎರಡು ಚಮಚ ಸಕ್ಕರೆ ತಾನೇ ಕದಡಿ, ಲೋಟವನ್ನು ಅವನ ಎರಡೂ ಕೈಯಲ್ಲಿ ಇಟ್ಟಳು.

"ದುಡ್ಡು ಬೇಡ, ಇಟ್ಕೋ. ಬೆಳಗ್ಗೆ ತಿಂಡಿ ತಿಂದ್ಯಾ ಚಿನ್ನ?"

"ತಿಂದೆ."

"ಒಲೆ ಆರಿಸಿ ಬಂದ್ಯಾ? ಯೋಚನೆ ಮಾಡಿ ಹೇಳು."

"ನಿನಗೇನಾಗಿದೆಯೇ ಐರೀನ್?"

ಅವಳು ಮುಖ ತಿರುಗಿಸಿ ಈರುಳ್ಳಿ ಕೊಚ್ಚತೊಡಗಿದಳು. ಅಲ್ಲಿಂದ ಮುಂದೆ ಎಲ್ಲರದೂ ಇದೇ ಕತೆ. ಒಬ್ಬ ಮೆಟ್ಟಿಲು ಹತ್ತಲು ತೋಳು ಹಿಡಿದ. ಇನ್ನೊಬ್ಬ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಂಡ, ಅವನ ಅಪ್ಪನ ಕಾಲದಿಂದ ನೋಡಿದ ಮುಖ! ಕ್ಲೆಮ್‌ಗೆ ರೇಗಿತು. ಗೇನರ್ ಕೊಟ್ಟ ಮಾತಿಗೆ ತಪ್ಪಿ, ಇದು ಕೊನೆಯ ಪುಸ್ತಿಕೆ ಎಂದು ಊರಿಗೆಲ್ಲ ಸಾರಿರಬೇಕು, ಅದಕ್ಕೇ ಹೆಣದ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದಾರೆ ಎಂದುಕೊಂಡ. ಇಷ್ಟು ಕನಿಕರ ಇದ್ದವರು ಒಂದು ಪುಟ ಓದಬಾರದಿತ್ತೇ?

ಉಳಿದದ್ದು ವಾಲ್ಟ್ ಒಬ್ಬನೇ. ಅವನ ಮೇಲೆ ಕ್ಲೆಮ್ ಎಲ್ಲ ಭಾರ ಹಾಕಿದ್ದ. ಅವನ ಕೂಗಿಗಾಗಿ ಇಷ್ಟು ಆಸೆಯಿಂದ ಎಂದೂ ಕಾದಿರಲಿಲ್ಲ. ಆಟ ಶುರುವಾದಾಗ ವಾಲ್ಟ್ ತನ್ನ ಜಾಗ ಬಿಟ್ಟು ಇಳಿದು ಬಂದು ಅವನ ಪಕ್ಕದಲ್ಲೇ ಕೂತ. ಕಣ್ಣು ಕೆಂಪಗಿತ್ತು.

"ಓದಿದ್ಯಾ?" ಕ್ಲೆಮ್‌ಗೆ ತಡೆಯಲಾಗಲಿಲ್ಲ.

"ಓದಿದೆ. ಚೆನ್ನಾಗಿ ಬಂದಿದೆ ಕಣೋ."

"ತಪ್ಪೇನೂ ಇಲ್ವಾ?"

"ಏನೂ ಇಲ್ಲಪ್ಪ. ಎಲ್ಲ ಸರಿಯಾಗಿದೆ." ಇಷ್ಟು ಹೇಳಿ ವಾಲ್ಟ್ ತನ್ನ ಕಂಬಳಿಯ ಅರ್ಧವನ್ನು ಕ್ಲೆಮ್‌ನ ಮೊಣಕಾಲಿನ ಮೇಲೆ ಹೊದಿಸಿದ.

ಆಮೇಲೆ ಆಟದಲ್ಲಿ ಏನಾಯಿತೋ ಕ್ಲೆಮ್ ನೋಡಲಿಲ್ಲ. ವಾಲ್ಟ್ ಕೂಡ ಓದುತ್ತಿಲ್ಲ ಅಂದರೆ ಇನ್ನು ಯಾರು? ಯಾರಿಗಾಗಿ ಇಷ್ಟು ವರ್ಷ ಕೂತು ಬರೆದದ್ದು? ಅಣ್ಣನ ಹೆಸರನ್ನು ಅಳಿಸಿದರೂ ಒಬ್ಬರಿಗೂ ಅದು ಕಾಣಲಿಲ್ಲವಲ್ಲ! ಕೊನೆಯ ಸೀಟಿ ಊದಿದಾಗ ಎದ್ದು, ನೆಟ್ಟಗೆ ಗೇನರ್‌ನ ಕೋಣೆಗೆ ಹೋಗಿ, ಖಾಲಿ ಚೀಲವನ್ನು ಅವಳ ಮೇಜಿನ ಮೇಲಿಟ್ಟ.

"ನೀನೇ ಗೆದ್ದೆ ಕಣಮ್ಮ. ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ."

ಗೇನರ್ ಚೀಲವನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಬಾಗಿಲು ಮುಚ್ಚಿದಳು.

"ಕೂತ್ಕೊಳ್ಳಿ ಕ್ಲೆಮ್. ನಿಮ್ಮ ಹತ್ರ ಯಾರೂ ಹೇಳ್ಲಿಲ್ಲ. ಎಲ್ಲರೂ ಬಂದು ನನ್ನ ಹತ್ರ ಹೇಳಿದ್ರು."

"ಏನಂತ?"

"ನಾರ್ಮನ್ ಗೋಲನ್ನ ಪಾಡ್‌ಮೋರ್ ಹೆಸರಿಗೆ ಹಾಕಿದ್ದಾರೆ, ಕ್ಲೆಮ್‌ಗೆ ಅರಳುಮರಳು ಶುರುವಾಗಿದೆ, ಡಾಕ್ಟರಿಗೆ ತೋರಿಸಬೇಕು ಅಂತ! ಮೊದಲು ಬಂದವನೇ ವಾಲ್ಟ್. ಆ ಕುರ್ಚಿ ಮೇಲೆ ಕೂತು ಮಗು ಥರ ಅತ್ತ. ಅಣ್ಣನ ಗೋಲೇ ಮರೆತ ಅಂದ್ರೆ ಅವನ ಕತೆ ಮುಗೀತು ಅಂದ. ಆಮೇಲೆ ಮೈದಾನವೆಲ್ಲ ಸುತ್ತಿ, ಯಾರೂ ಅವನ ಎದುರಿಗೆ ತಪ್ಪು ಅಂತ ಆಡಬಾರದು, ನೊಂದ್ಕೋತಾನೆ ಅಂತ ಬಾಯಿ ಮುಚ್ಚಿಸೋಕೆ ಹೋದ. ಹೋದ್ರೆ ಅವರೆಲ್ಲ ಆಗಲೇ ಓದಿದ್ದಾರೆ! ಐರೀನ್ ಓದಿದ್ದಾಳೆ. ನಮ್ಮ ಗೋಲ್‌ಕೀಪರ್ ಹುಡುಗ ಓದಿದ್ದಾನೆ, ಆ ಗೋಲು ಬಿದ್ದಾಗ ಅವನ ಅಪ್ಪನೇ ಹುಟ್ಟಿರಲಿಲ್ಲ."

ಕ್ಲೆಮ್ ಮೇಜಿನ ಅಂಚು ಹಿಡಿದುಕೊಂಡ. "ನಾರ್ಮನ್ ವಿಷಯ ಅವರಿಗೆಲ್ಲ ಹೇಗೆ ಗೊತ್ತು?"

"ಇದೊಳ್ಳೆ ಪ್ರಶ್ನೆ! ವರ್ಷ ವರ್ಷ ಬರೆದದ್ದು ಯಾರು?" ಗೇನರ್ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ, ಅದಕ್ಕೇ ಬಾಯಿ ಬಿಗಿಹಿಡ್ಕೊಂಡಿದ್ದೆ. ಈಗಲೂ ಸುಮ್ಮನಿದ್ದುಬಿಟ್ರೆ ಪುಸ್ತಕದ ಕಾಟ ತಪ್ಪುತ್ತೆ ಅನ್ನಿಸ್ತು, ಸುಳ್ಳು ಹೇಳಲ್ಲ. ಆದ್ರೆ ನನಗೆ ಹೇಳಿದ್ರೂ ಹೇಳಿದ ಹಾಗೇ. ಪುಸ್ತಕ ಉಳೀತು. ಚೀಲ ತಗೊಳ್ಳಿ."

ಅವನು ಚೀಲವನ್ನು ಎದೆಗೆ ಅವಚಿಕೊಂಡು ಹೊರಗೆ ಬಂದ. ಎಲ್ಲರೂ ಹೋಗಿದ್ದರು. ಗೇಟಿನ ಹತ್ತಿರ ವಾಲ್ಟ್ ಒಬ್ಬನೇ ಚಳಿಗೆ ಕಾಲು ಕುಟ್ಟುತ್ತ ಕಾಯುತ್ತಿದ್ದ.

"ನಿಧಾನ, ಅಲ್ಲಿ ಮೆಟ್ಟಿಲಿದೆ. ನಾನೂ ನಿಮ್ಮ ಮನೆ ಕಡೆಗೇ ಬರ್ತೀನಿ," ಎಂದ. ಅವನ ಮನೆ ಇರುವುದು ಊರಿನ ಆಚೆ ತುದಿಯಲ್ಲಿ.

ಕ್ಲೆಮ್ ಅಲ್ಲೇ ನಿಂತ. "ವಾಲ್ಟ್, ಆ ಕಪ್ ಪಂದ್ಯದ ಗೋಲು ಹೊಡೆದದ್ದು ಯಾರೋ?"

ಮಂಗಳವಾರವೋ ಬುಧವಾರವೋ ಎಂದು ತಿಂಗಳುಗಟ್ಟಲೆ ಜಗಳವಾಡಿದ ಮನುಷ್ಯ ಅವನು. ಒಂದು ಅಕ್ಷರ ತಪ್ಪಿದರೂ ಸಹಿಸಿದವನಲ್ಲ. ಖಾಲಿ ಮೈದಾನದ ಕಡೆ ನೋಡಿದ.

"ನೀನು ಬರೆದದ್ದೇ ಸರಿ ಕಣೋ," ಎಂದ. "ಪಾಡ್‌ಮೋರೇ ಹೊಡೆದದ್ದು. ಒಳ್ಳೇ ಗೋಲು."

ಕ್ಲೆಮ್‌ಗೆ ಈ ಜನ್ಮದಲ್ಲಿ ಯಾರೂ ತನಗಾಗಿ ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿಲ್ಲ ಎನ್ನಿಸಿತು.

"ನಾರ್ಮನ್ ಕಣೋ, ಪೆದ್ದ," ಎಂದ ಕಡೆಗೆ. "ತಲೆಯಿಂದ ಹೊಡೆದ. ಮಂಜಲ್ಲಿ ಅವನಿಗೆ ಚೆಂಡು ಕಂಡಿರಲೇ ಇಲ್ಲ, ಅದೇ ಬಂದು ಹಣೆಗೆ ಬಡೀತು. ಪಾಡ್‌ಮೋರ್ ಹೊಡೆಯೋದಾ? ಅವನು ಒದ್ದಿದ್ರೆ ಚೆಂಡು ಬೇಕರಿ ಮಾಡಿನ ಮೇಲೆ ಬೀಳ್ತಿತ್ತು!"

ವಾಲ್ಟ್ ಬಾಯಿ ತೆರೆದುಕೊಂಡು ನಿಂತ. ಕ್ಲೆಮ್ ಬಾಜಿ ಕಟ್ಟಿದ್ದು, ಷರತ್ತು ಹಾಕಿದ್ದು, ಗೆದ್ದದ್ದು ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ವಾಲ್ಟ್‌ನ ಕಿವಿ ಕೆಂಪಾಯಿತು.

"ಅಯ್ಯೋ ನಿನ್ನ ಮನೆ ಹಾಳಾಗ! ನಾನು ಆ ಹುಡುಗಿ ಮುಂದೆ ಕೂತು ಗೊಳೋ ಅಂತ ಅತ್ತಿದ್ದೀನಲ್ಲೋ! ನನ್ನ ಕಂಬಳಿ ಬೇರೆ ಕೊಟ್ಟೆ ನಿನಗೆ! ನನ್ನ ಬಾಯಲ್ಲಿ ಪಾಡ್‌ಮೋರ್ ಅಂತ ಹೇಳಿಸಿದ್ಯಲ್ಲೋ, ಪಾಪಿ!" ಬೈಯುತ್ತಲೇ ತೋಳಿನಿಂದ ಕಣ್ಣು ಮೂಗು ಎಲ್ಲ ಒರೆಸಿಕೊಂಡ. ಆಮೇಲೆ ಕೋಟಿನ ಒಳಗೆ ಕೈ ಹಾಕಿ, ಮಡಚಿಟ್ಟ ಪುಸ್ತಿಕೆಯನ್ನು ಎಳೆದು ತೆಗೆದ. "ಹಾಗಿದ್ರೆ ಕೇಳು. ಹನ್ನೊಂದನೇ ಪುಟ. ಎದುರು ತಂಡದ ಎಡಗಡೆ ಆಟಗಾರ ಹೋದ ವರ್ಷ ಅವರಿಗೆ ಆಡಿದ್ದ ಅಂತ ಬರೆದಿದ್ದೀಯ, ಅವನು ಆಗ ಅವರ ತಂಡದಲ್ಲೇ ಇರಲಿಲ್ಲ. ಅದೂ ಬೇಕಂತಲೇ ಹಾಕಿದ್ದಾ?"

"ಅಲ್ಲ," ಎಂದ ಕ್ಲೆಮ್. "ಅದು ನಿಜವಾದ ತಪ್ಪು."

"ನನಗೆ ಗೊತ್ತಿತ್ತು! ಆಟ ಶುರುವಾದಾಗಿನಿಂದ ಹೊಟ್ಟೇಲಿ ಇಟ್ಕೊಂಡು ಸಾಯ್ತಿದ್ದೀನಿ!"

ಇಬ್ಬರೂ ಇಳಿಜಾರಿನ ದಾರಿ ಹಿಡಿದರು. ಬೀದಿದೀಪದ ಕೆಳಗೆ ಬಂದಾಗಲೆಲ್ಲ ವಾಲ್ಟ್ ನಿಂತು, ಕನ್ನಡಕ ಏರಿಸಿ, ಇನ್ನೊಂದು ತಪ್ಪನ್ನು ಬೀದಿಗೆಲ್ಲ ಕೇಳುವ ಹಾಗೆ ಓದುತ್ತಿದ್ದ.

"ಓದೋ," ಅನ್ನುತ್ತಿದ್ದ ಕ್ಲೆಮ್, ಕಣ್ಣೊರೆಸಿಕೊಳ್ಳುತ್ತ. "ಇನ್ನೇನಿದೆ, ಓದು."